ಮೈಸೂರಿನ ಮಹಿಳಾ ಪುರೋಹಿತರ ಮದುವೆ ಸೇವೆ: ಹಸೆಮಣೆ ಮೇಲೆ ಬದಲಾಗೋದೇನು?

ಮೈಸೂರಿನಲ್ಲಿ ಮದುವೆ ಮಾಡಿಸುವ ಮಹಿಳಾ ಪುರೋಹಿತರು ಹುಡುಕಿದರೆ ಸಿಗುತ್ತಾರೆ. ಮಂಡ್ಯ, ಪಾಂಡವಪುರದ ಕಡೆಯವರೂ ಇಲ್ಲಿಂದ ಕರೆಸಿಕೊಳ್ಳಬಹುದು. ಊಟದ ಪಂಕ್ತಿಯಲ್ಲಿ "ಹೆಂಗಸರೇ ಮಂತ್ರ ಹೇಳಿದ್ರು, ಎಷ್ಟು ಚೆನ್ನಾಗಿತ್ತು" ಅನ್ನುವ ಮೆಚ್ಚುಗೆ ಗ್ಯಾರಂಟಿ. ಆ ಮೆಚ್ಚುಗೆಯಿಂದ ಸೇವೆಯ ಗುಣ ಗೊತ್ತಾಗುವುದಿಲ್ಲ. ಪುರೋಹಿತರ ಮಣೆ ಮೇಲೆ ಹೆಂಗಸು ಕೂತು, ಹುಡುಗಿಯನ್ನು ಹಿಂದಿನ ಹಾಗೇ ದಾನ ಕೊಡಿಸಿ, ಗಂಡ ತೀರಿಕೊಂಡ ತಾಯಿಯನ್ನು ಕಂಬದ ಮರೆಗೆ ಕಳಿಸಿದರೆ ಬದಲಾದದ್ದು ಧ್ವನಿ ಮಾತ್ರ. ಹಾಗಾಗಿ ಇಲ್ಲಿ ಯಾರ ಹೆಸರೂ ನಂಬರೂ ಇಲ್ಲ. ಯಾರನ್ನೇ ಗೊತ್ತುಮಾಡಿ, ಒಂದೊಂದು ಶಾಸ್ತ್ರದಲ್ಲಿ ಏನನ್ನು ಕೇಳಿ ಪಡೆಯಬೇಕು, ಎಲ್ಲಿ ಎಡವಟ್ಟಾಗುತ್ತದೆ ಅನ್ನುವುದಷ್ಟೇ ವಿಷಯ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಕೇಳುವುದು ಗಂಡು ಅಥವಾ ಹೆಣ್ಣಿನ ಕಡೆಯ ರೂಢಿಯ ಶಾಸ್ತ್ರಗಳನ್ನು. ಅದರಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ಮಾಡಿಸುವವರು ಗಂಡಸೋ ಹೆಂಗಸೋ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಕನ್ಯಾದಾನ ಕಡ್ಡಾಯವಲ್ಲ ಅಂತ ಅಲಹಾಬಾದ್ ಹೈಕೋರ್ಟ್ 2024ರಲ್ಲಿ ಹೇಳಿದೆ.

ತಕರಾರು ಬರುವುದು ಕಾನೂನಿನಿಂದಲ್ಲ, ಮುಂದಿನ ಸಾಲಿನ ಕುರ್ಚಿಯಿಂದ. ದೊಡ್ಡಪ್ಪನ ವಯಸ್ಸಿನ ಒಬ್ಬರು ಎದ್ದು "ಹೆಂಗಸರಿಗೆ ವೇದಾಧಿಕಾರ ಎಲ್ಲಿದೆ?" ಅನ್ನುತ್ತಾರೆ. ಪ್ರಶ್ನೆ ದಡ್ಡತನದ್ದಲ್ಲ. ಮದುವೆಯೇ ಹೆಣ್ಣಿಗೆ ಉಪನಯನ ಅನ್ನುತ್ತದೆ ಮನುಸ್ಮೃತಿ. ಸ್ತ್ರೀಯರ ಕಿವಿಗೆ ವೇದ ಬೀಳುವಂತಿಲ್ಲ ಅನ್ನುವ ಭಾಗವತದ ಶ್ಲೋಕವೂ ಅವರ ಬೆನ್ನಿಗಿದೆ. ಇದಕ್ಕೆ ಕೆಲವು ಪುರೋಹಿತೆಯರು ಗಾರ್ಗಿ, ಮೈತ್ರೇಯಿ ಅಂತ ಶುರು ಮಾಡುತ್ತಾರೆ. ಅದು ಸಪ್ಪೆ ಉತ್ತರ. ಉಪನಿಷತ್ತಿನ ಕಾಲದಲ್ಲಿ ಇಬ್ಬರು ವಿದುಷಿಯರಿದ್ದರು ಅಂದಮಾತ್ರಕ್ಕೆ ಆಮೇಲಿನ ಸ್ಮೃತಿಗಳ ನಿಯಮ ಬಿದ್ದುಹೋಗುವುದಿಲ್ಲ ಅಂತ ಆ ದೊಡ್ಡಪ್ಪನಿಗೂ ಗೊತ್ತು.

ಗಟ್ಟಿ ಉತ್ತರ ಮದುವೆಯ ಒಳಗೇ ಇದೆ. ಪಾಣಿಗ್ರಹಣದಲ್ಲಿ, ಅಂದರೆ ಕೈ ಹಿಡಿಯುವ ಶಾಸ್ತ್ರದಲ್ಲಿ, ಗಂಡು ಹೇಳುವ 'ಗೃಭ್ಣಾಮಿ ತೇ' ಮಂತ್ರ, ಹುಡುಗಿಗೆ ಅತ್ತೆಮನೆಯಲ್ಲಿ ಸಾಮ್ರಾಜ್ಞಿಯಾಗು ಅನ್ನುವ ಮಂತ್ರ, ಎರಡೂ ಋಗ್ವೇದದ ಹತ್ತನೇ ಮಂಡಲದ 85ನೇ ಸೂಕ್ತದವು. ಪರಂಪರೆ ಆ ಸೂಕ್ತಕ್ಕೆ ಕೊಡುವ ಋಷಿಯ ಹೆಸರು ಸೂರ್ಯಾ ಸಾವಿತ್ರೀ, ಹೆಂಗಸು. ಧರ್ಮಶಾಸ್ತ್ರ ಬರೆದ ಹಾರೀತನು ಹೆಂಗಸರಲ್ಲಿ ವೇದ ಓದುವ ಬ್ರಹ್ಮವಾದಿನಿ, ನೇರ ಮದುವೆಯಾಗುವ ಸದ್ಯೋವಧು ಅಂತ ಎರಡು ಬಗೆ ಮಾಡಿ, ಮೊದಲನೆಯವರಿಗೆ ಉಪನಯನ, ವೇದಾಧ್ಯಯನ ಎರಡನ್ನೂ ಹೇಳುತ್ತಾನೆ. ಮನೆಯ ಸಂಸ್ಕಾರಗಳ ಕ್ರಮ ಹೇಳುವ ಗ್ರಂಥಗಳಲ್ಲಿ ನಮ್ಮ ಕಡೆ ಬಹಳ ಮನೆಗಳು ಹಿಡಿದಿರುವ ಆಪಸ್ತಂಬ ಗೃಹ್ಯಸೂತ್ರವಂತೂ ಮದುವೆಯ ಆಚಾರಗಳನ್ನು ಹೆಂಗಸರಿಂದ ತಿಳಿದುಕೊಳ್ಳಿ ಅನ್ನುತ್ತದೆ. ಸೂತ್ರಕಾರನಿಗೇ ಇಲ್ಲದ ಸಂಕೋಚ ನಮಗ್ಯಾಕೆ? ಈ ಮೂರನ್ನು ಎರಡು ನಿಮಿಷದಲ್ಲಿ ನಗುನಗುತ್ತಾ ಹೇಳಬಲ್ಲವರು ಒಳ್ಳೆಯ ಪುರೋಹಿತೆ. ಮೈಕಿನಲ್ಲಿ ವಾದಕ್ಕಿಳಿದು ಮುಹೂರ್ತ ಮೀರಿಸುವವರು ಬೇಡ.

ಇನ್ನು ಧಾರೆ. ಈ ಸೇವೆಗೆ ಕೊಡುವ ದುಡ್ಡು ವಸೂಲಾಗುವುದೋ ದಂಡವಾಗುವುದೋ ಇಲ್ಲಿಯೇ. ಸಾಮಾನ್ಯವಾಗಿ ಹೇಳಿಸುವ ಕನ್ಯಾದಾನದ ಶ್ಲೋಕದ ತಾತ್ಪರ್ಯ ಇಷ್ಟು: ಚಿನ್ನದ ಒಡವೆ ತೊಟ್ಟ ಈ ಕನ್ಯೆಯನ್ನು, ಬ್ರಹ್ಮಲೋಕ ಗೆಲ್ಲುವ ಆಸೆಯಿಂದ, ವಿಷ್ಣುವಾದ ನಿನಗೆ ಕೊಡುತ್ತೇನೆ. ಹುಡುಗಿ ವಸ್ತು, ಪುಣ್ಯ ಅಪ್ಪನ ಖಾತೆಗೆ. ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ ಆಮೇಲೆ ಅದನ್ನೇ ಮಾಡಿಸುವವರಿದ್ದಾರೆ. ಅರ್ಥ ಹೇಳಿದ್ದೇ ಸುಧಾರಣೆ ಅಂದುಕೊಂಡರೆ ಹೇಗೆ? ಆ ಶ್ಲೋಕ ಬಿಟ್ಟು ಪಾಣಿಗ್ರಹಣವನ್ನೇ ನಡುಮಧ್ಯಕ್ಕೆ ತರುವ ಕ್ರಮ ಬೇಕು ಅಂತ ಮೊದಲೇ ಹೇಳಿ. ಗೃಹ್ಯಸೂತ್ರಗಳಲ್ಲಿ ಮದುವೆಯ ತಿರುಳೇ ಪಾಣಿಗ್ರಹಣ ಆದ್ದರಿಂದ ಏನೋ ಬಿಟ್ಟುಹೋಯಿತು ಅನ್ನುವ ಅಳುಕು ಬೇಡ.

ಮಂಡ್ಯ ಕಡೆಯ ಒಕ್ಕಲಿಗರ ಮನೆಗಳಲ್ಲಿ ಧಾರೆಯೇ ಮದುವೆ, ಅದನ್ನು ಕೈಬಿಡುವ ಮಾತೇ ಇಲ್ಲ. ಬಿಡಬೇಕಾಗಿಯೂ ಇಲ್ಲ. ಹುಡುಗ ಹುಡುಗಿಯ ಕೈ ಜೋಡಿಸಿ, ಮೇಲೆ ತೆಂಗಿನಕಾಯಿ ಇಟ್ಟು ಹಾಲೆರೆಯುವಾಗ ಹುಡುಗಿಯ ಕಡೆಯವರ ಜೊತೆ ಹುಡುಗನ ತಂದೆತಾಯಿಯೂ ಎರೆದರೆ ಅದು ಎರಡು ಮನೆ ಕೂಡುವ ಶಾಸ್ತ್ರವಾಗುತ್ತದೆ. ತಂದೆತಾಯಿಯರಷ್ಟೇ ಎರೆದರೆ ಒಂದು ಲೀಟರ್ ಹಾಲು ಸಾಕು. ನೆಂಟರೆಲ್ಲ ಸರತಿಯಲ್ಲಿ ನಿಂತರೆ ಮೂರು ನಾಲ್ಕು ಲೀಟರ್ ಬೇಕು. ಕೆಳಗೆ ಅಂಚಿರುವ ಅಗಲವಾದ ತಾಂಬಾಳ, ಪಕ್ಕದಲ್ಲಿ ಒಂದು ಬಕೆಟ್ ಇಡಿ. ತಟ್ಟೆ ಇಟ್ಟರೆ ತುಂಬಿ ಹರಿದು ಹಸೆಮಣೆ ಸುತ್ತ ಜಾರುತ್ತದೆ, ರೇಷ್ಮೆ ಸೀರೆಗೆ ಕಲೆಯಾಗುತ್ತದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲು ಬೇಡ, ಅಷ್ಟು ಹೊತ್ತು ಕೈಯೊಡ್ಡಿ ಕೂರುವವರಿಗೆ ಬೆರಳು ಮರಗಟ್ಟುತ್ತದೆ.

ಧಾರೆಗೆ ತಂದೆತಾಯಿ ದಂಪತಿಯಾಗಿ ಕೂರಬೇಕು, ಗಿಂಡಿಯಿಂದ ನೀರು ಬಿಡುವವಳು ತಾಯಿ. ಅವರಲ್ಲಿ ಒಬ್ಬರಿಲ್ಲದಿದ್ದರೆ ಚಿಕ್ಕಪ್ಪ ಚಿಕ್ಕಮ್ಮನನ್ನು ಕೂರಿಸುವುದು ವಾಡಿಕೆ. ಮಗಳನ್ನು ಒಬ್ಬಳೇ ಸಾಕಿದ ತಾಯಿ ಮಗಳ ಧಾರೆಯ ಹೊತ್ತಿಗೆ ಅಡುಗೆಯವರ ಲೆಕ್ಕ ನೋಡುತ್ತಿರುತ್ತಾಳೆ. ಒಳ್ಳೆಯ ಪುರೋಹಿತೆ ಸಂಕಲ್ಪವನ್ನು ಆಕೆಯ ಹೆಸರಿನಲ್ಲೇ ಹೇಳಿಸಿ ಗಿಂಡಿಯನ್ನು ಆಕೆಯ ಕೈಗೇ ಕೊಡುತ್ತಾರೆ. ಆದರೆ ಇದನ್ನು ಮಂಟಪದಲ್ಲಿ ತೀರ್ಮಾನಿಸಲು ಬಿಡಬೇಡಿ. ಎಲ್ಲರೆದುರು ಕರೆದರೆ ಬೇಡ ಅನ್ನುವವರು ಹೆಚ್ಚಾಗಿ ಆ ತಾಯಿಯೇ. "ನನ್ನಿಂದ ಮಗಳಿಗೆ ಕೆಟ್ಟದಾಗೋದು ಬೇಡ" ಅನ್ನುವ ಭಯ ಅಷ್ಟು ಆಳದ್ದು. ಹದಿನೈದು ದಿನ ಮುಂಚೆ ಪುರೋಹಿತೆಯನ್ನೇ ಮನೆಗೆ ಕರೆಸಿ, ಆಕೆಯ ಜೊತೆ ಬೇರೆಯಾಗಿ ಮಾತಾಡಿಸಿ. ಅರಿಶಿನ ಕುಟ್ಟುವುದಕ್ಕೂ ಆರತಿಗೂ ಐದು ಜನ ಮುತ್ತೈದೆಯರನ್ನು ಹುಡುಕುವ ಕಡೆಯೂ ಇದೇ ಪ್ರಶ್ನೆ ಏಳುತ್ತದೆ. ಆ ಶಾಸ್ತ್ರಗಳು ಮನೆಯ ಹೆಂಗಸರ ಕೈಯಲ್ಲೇ ಇರುವುದರಿಂದ ಪುರೋಹಿತೆಯ ಮಾತು ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಹೆಂಗಸರನ್ನು ಹೆಂಗಸರೇ ಹೊರಗಿಡುವ ಜಾಗ ಅದು, ಅತ್ತೆಯೋ ಸೋದರತ್ತೆಯೋ ಮನಸ್ಸು ಮಾಡಬೇಕು.

ಪ್ರವರ ಹೇಳುವಾಗ ಇಂಥವರ ಮರಿಮಗಳು, ಇಂಥವರ ಮೊಮ್ಮಗಳು, ಇಂಥವರ ಮಗಳು ಅಂತ ಮೂರು ತಲೆಮಾರಿನ ಗಂಡಸರ ಹೆಸರು ಬರುತ್ತದೆ. ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರೂ ಸೇರಲಿ ಅಂದರೆ ಒಪ್ಪುವವರಿದ್ದಾರೆ. ತೊಡಕು ಅಂದರೆ ಮುತ್ತಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. "ದೊಡ್ಡಮ್ಮ ಅಂತಿದ್ವಿ" ಅನ್ನುವಲ್ಲಿಗೆ ನಿಲ್ಲುತ್ತದೆ. ಹಳೆಯ ಜಮೀನು ಪತ್ರಗಳಲ್ಲಿ 'ಕೋಂ' (ಇಂಥವರ ಹೆಂಡತಿ) ಅಂತ ಬರೆದಿರುವ ಕಡೆ ನೋಡಿ, ಅದಕ್ಕಿಂತ ಮೊದಲು ಹೆಂಗಸಿನ ಹೆಸರಿರುತ್ತದೆ. ಒಂದು ತಿಂಗಳು ಮುಂಚೆ ಶುರು ಮಾಡಿದರೆ ಸಿಕ್ಕರೂ ಸಿಗಬಹುದು.

'ಧರ್ಮೇ ಚ ಅರ್ಥೇ ಚ ಕಾಮೇ ಚ', ಅಂದರೆ ಧರ್ಮ, ಅರ್ಥ, ಕಾಮಗಳಲ್ಲಿ ಈಕೆಯನ್ನು ಮೀರುವುದಿಲ್ಲ ಅನ್ನುವ ಮಾತು ರೂಢಿಯಲ್ಲಿ ಕೊಡಿಸುವುದು ಗಂಡಿನಿಂದ ಮಾತ್ರ. ಈಗ ಇಬ್ಬರಿಂದಲೂ ಹೇಳಿಸುತ್ತಾರೆ, ಒಳ್ಳೆಯದೇ. ಆದರೆ ಹುಡುಗಿಯ ಸರದಿಯಲ್ಲೂ 'ನಾತಿಚರಿತವ್ಯಾ ತ್ವಯೇಯಂ' ಅಂತಲೇ ಹೇಳಿದರೆ, ಈಕೆಯನ್ನು ಮೀರಬೇಡ ಅಂತ ಈಕೆಗೇ ಹೇಳಿದ ಹಾಗಾಯಿತು. ಅಲ್ಲಿ 'ನಾತಿಚರಿತವ್ಯಸ್ತ್ವಯಾಯಂ' (ಈತನನ್ನು ಮೀರಬೇಡ) ಆಗಬೇಕು. ಯಾರಾದರೂ ಎರಡು ವರ್ಷ ಸಂಸ್ಕೃತ ಓದಿದ್ದಾರೋ, ಮೊಬೈಲ್ ನೋಡಿ ಓದುತ್ತಿದ್ದಾರೋ ಅನ್ನುವುದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಮಂತ್ರಕ್ಕೆ ಸ್ವರವಿದೆಯೇ, ಅಂದರೆ ವೇದಪಾಠದ ಏರಿಳಿತ ಇದೆಯೇ ಅನ್ನುವುದನ್ನೂ ಗಮನಿಸಿ. ಸ್ವರ ತಪ್ಪಿದರೆ ಮುಂದಿನ ಸಾಲಿನ ದೊಡ್ಡಪ್ಪನಿಗೆ ನಾವೇ ಅಸ್ತ್ರ ಕೊಟ್ಟ ಹಾಗೆ. ಗಂಡು ಪುರೋಹಿತರ ಸ್ವರ ಎಷ್ಟು ಜನರದ್ದು ಸರಿಯಿರುತ್ತೆ ಅಂತ ಮಾತ್ರ ಯಾರೂ ಕೇಳುವುದಿಲ್ಲ ಬಿಡಿ.

ಲಾಜಾಹೋಮಕ್ಕೆ ಭತ್ತದ ಅರಳು ಬೇಕು. ಪಟ್ಟಿಯಲ್ಲಿ ಬರೀ 'ಅರಳು' ಅಂತ ಬರೆದರೆ ಹುಡುಗರು ಕಡ್ಲೆಪುರಿ ತರುತ್ತಾರೆ. ಅದಕ್ಕೆ ಉಪ್ಪು ಹಾಕಿರುತ್ತಾರೆ, ಫ್ಯಾನಿನ ಗಾಳಿಗೆ ಮಂಟಪದ ತುಂಬ ಹಾರುತ್ತದೆ. ದೇವರಾಜ ಮಾರುಕಟ್ಟೆ ಸುತ್ತಿನ ಗ್ರಂಧಿಗೆ ಅಂಗಡಿಗಳಲ್ಲಿ ಹೋಮಕ್ಕೆ ಅಂತ ಕೇಳಿ, ಕಾಲು ಕಿಲೋ ಧಾರಾಳ. ವಧುವಿನ ಬೊಗಸೆಗೆ ಮೊದಲು ತುಪ್ಪ ಸವರಿ, ಅರಳು ಹಾಕಿ, ಮೇಲೆ ಮತ್ತೆ ತುಪ್ಪ ಬಿಟ್ಟರೆ ಅದು ಹಾರದೆ ನೇರ ಬೆಂಕಿಗೆ ಬೀಳುತ್ತದೆ. ಅವಳು ಬೊಗಸೆ ಬಿಡಿಸದೆ ಮುಂದಕ್ಕೆ ಬಾಗಿಸಬೇಕು. ಮಣಿಕಟ್ಟಿನ ತುಂಬ ಗಾಜಿನ ಬಳೆಗಳಿದ್ದರೆ ಬಿಸಿಗೆ ಕಾಯುತ್ತವೆ, ಆ ಹೊತ್ತಿಗೆ ಸ್ವಲ್ಪ ಮೇಲೆ ಸರಿಸಿಕೊಳ್ಳಲಿ. ಅರಳು ಹಾಕುವವನು ಅಣ್ಣನೋ ತಮ್ಮನೋ. ಇಬ್ಬರೂ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇಲ್ಲಿ ಪೇಚಾಟ ಶುರುವಾಗಿ ದೂರದ ಸಂಬಂಧಿಯನ್ನು ಎಳೆದು ತರುತ್ತಾರೆ. ಆಶ್ವಲಾಯನ ಗೃಹ್ಯಸೂತ್ರವೇ ಅಣ್ಣತಮ್ಮ ಅಥವಾ ಅವನ ಸ್ಥಾನದಲ್ಲಿರುವವರು ಅನ್ನುತ್ತದೆ. ಅಕ್ಕನೋ ತಂಗಿಯೋ ಆ ಸ್ಥಾನದಲ್ಲಿ ನಿಂತರೆ ತಪ್ಪೇನು ಅಂತ ಕೇಳುವ ಧೈರ್ಯ ಪುರೋಹಿತೆಗೆ ಇರಬೇಕು.

ಮುಟ್ಟಿನ ವಿಷಯ ಬಾಯಿಬಿಟ್ಟೇ ಕೇಳಿ. ಮುಹೂರ್ತದ ದಿನ ವಧುವಿಗೆ ಮುಟ್ಟಾದರೆ ಹೋಮಕ್ಕೆ ಅಡ್ಡಿಯಿಲ್ಲ ಅಂತ ಅವರು ಸ್ಪಷ್ಟವಾಗಿ ಹೇಳಿದರೆ, ಹುಡುಗಿ ವೈದ್ಯರನ್ನೂ ಕೇಳದೆ ಮುಂದೂಡುವ ಮಾತ್ರೆ ನುಂಗುವುದು ತಪ್ಪುತ್ತದೆ. ಪುರೋಹಿತೆಗೇ ಮುಟ್ಟಾದರೆ? ತಾವೇ ಬರುತ್ತಾರೋ, ಬದಲಿ ಕಳಿಸುತ್ತಾರೋ? ತಾವೇ ಬರುವವರೂ ಬದಲಿ ಕಳಿಸುವವರೂ ಒಳ್ಳೆಯ ಪುರೋಹಿತೆಯರೇ ಇರಬಹುದು, ಆದರೆ ಮುಂಗಡ ಕೊಡುವ ಮೊದಲೇ ನಿಮಗೆ ಗೊತ್ತಿರಬೇಕು.

ಈ ಸೇವೆಯ ನಿಜವಾದ ದೋಷ ಹೊತ್ತು. ಪ್ರತಿ ಮಂತ್ರಕ್ಕೂ ಕನ್ನಡದಲ್ಲಿ ಅರ್ಥ ಹೇಳುತ್ತಾ ಹೋದರೆ ಒಂದೂವರೆ ಗಂಟೆಯ ಮದುವೆ ಎರಡೂವರೆ ಗಂಟೆಗೆ ಎಳೆಯುತ್ತದೆ. ಅತ್ತ ಅಡುಗೆ ಭಟ್ಟರು ಎಲೆ ಹಾಕಲಾ ಅಂತ ಇಣುಕುತ್ತಾರೆ. ಒಂದು ಶಾಸ್ತ್ರಕ್ಕೆ ಎರಡು ವಾಕ್ಯ ಅಂತ ಒಪ್ಪಂದ ಮಾಡಿಕೊಂಡು, ಉಳಿದ ಅರ್ಥವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕುರ್ಚಿಗಳ ಮೇಲಿಡಿ. ಕಾಲರ್ ಮೈಕ್ ಕಡ್ಡಾಯ, ಇಲ್ಲದಿದ್ದರೆ ವಾಲಗದ ಮುಂದೆ ಧ್ವನಿ ಮುಳುಗಿಹೋಗುತ್ತದೆ. ವಾಲಗದವರು ಗಟ್ಟಿಮೇಳಕ್ಕೆ ಪುರೋಹಿತರ ಕೈಸನ್ನೆ ಕಾಯುತ್ತಾರೆ. ಅಭ್ಯಾಸಬಲದಿಂದ ಪಕ್ಕದಲ್ಲಿ ನಿಂತ ಯಾವುದೋ ಗಂಡಸಿನ ಕೈ ನೋಡಿ ಬಾರಿಸಿಬಿಡುವುದುಂಟು. ಯಾರ ಸನ್ನೆ ನೋಡಬೇಕು ಅಂತ ಬೆಳಿಗ್ಗೆಯೇ ತೋರಿಸಿಬಿಡಿ.

ಜಾಗದ ಮಾತು. ಛತ್ರವಾದರೆ ಹೊರಗಿನ ಪುರೋಹಿತರನ್ನು ಬಿಡುತ್ತಾರೆಯೇ ಕೇಳಿಕೊಳ್ಳಿ. ದೇವಸ್ಥಾನದಲ್ಲಿ ಈ ಸೇವೆ ನಡೆಯುವುದು ಕಷ್ಟ, ಅಲ್ಲಿ ಪೂಜೆಯ ನಿಯಮ ಹೇಳುವ ಆಗಮ, ಅರ್ಚಕರ ವಂಶಪಾರಂಪರ್ಯ ಎರಡೂ ಅಡ್ಡ. ಅಮ್ಮನವರೇ ಆಳುವ ಚಾಮುಂಡಿಬೆಟ್ಟದಲ್ಲೂ ಗರ್ಭಗುಡಿಯ ಪೂಜೆ ಗಂಡಸರದ್ದೇ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದ್ದು ಸುದ್ದಿಯಾದದ್ದು ಅದಕ್ಕೇ. ಮನೆಯ ಪೌರೋಹಿತ್ಯಕ್ಕೆ ಮನೆಯವರು ಒಪ್ಪಿದರೆ ಮುಗಿಯಿತು. ಪುರೋಹಿತರು, ಹೋಮ ಯಾವುದೂ ಬೇಡ ಅನ್ನುವವರಿಗೆ ಈ ಸೇವೆಯೂ ಬೇಡ, ಪುರೋಹಿತರೇ ಇಲ್ಲದ ಸರಳ ಮದುವೆಗೆ ಕುವೆಂಪು ಅವರ ಮಂತ್ರ ಮಾಂಗಲ್ಯ ಇದ್ದೇ ಇದೆ.

ಖರ್ಚಿನಲ್ಲಿ ದಕ್ಷಿಣೆ, ಸಾಮಗ್ರಿ, ಓಡಾಟ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಸಾಮಗ್ರಿ ನೀವೇ ತಂದರೆ ಉಳಿತಾಯ: ಹೋಮಕ್ಕೆ ಅರ್ಧ ಕಿಲೋ ತುಪ್ಪ, ಅಕ್ಷತೆಗೆ ಒಂದೆರಡು ಕಿಲೋ ಅಕ್ಕಿ, ಸಪ್ತಪದಿಯ ಏಳು ಗುಡ್ಡೆಗೆ ಇನ್ನೊಂದು ಕಿಲೋ, ಅಂತರಪಟಕ್ಕೆ ಎರಡು ಮೀಟರ್ ಬಟ್ಟೆ.

ಸಪ್ತಪದಿಯಲ್ಲಿ ಗಂಡು ಮುಂದೆ, ಹೆಣ್ಣು ಹಿಂದೆ ನಡೆಯುವುದೇ ರೂಢಿ. ಕಾಯ್ದೆಯ ಮಾತು ಬೇರೆ, ಅಲ್ಲಿರುವುದು ಅಗ್ನಿಯ ಮುಂದೆ ಇಬ್ಬರೂ ಒಟ್ಟಾಗಿ ಇಡುವ ಏಳು ಹೆಜ್ಜೆ. ಜೊತೆಜೊತೆಗೆ ನಡೆಸಿ ಅಂದರೆ ಮಹಿಳಾ ಪುರೋಹಿತರು ಸಾಮಾನ್ಯವಾಗಿ ಖುಷಿಯಿಂದಲೇ ಒಪ್ಪುತ್ತಾರೆ. ಶಾಸ್ತ್ರ ನಡೆಯದ ಮದುವೆಗೆ ನೋಂದಣಿ ಪತ್ರವೊಂದೇ ಆಧಾರವಾಗದು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿರುವುದರಿಂದ ಈ ಏಳು ಹೆಜ್ಜೆಯ ಫೋಟೊ ಇರಲೇಬೇಕು. ತಾಳಿ ಕಟ್ಟಿದ ಕೂಡಲೇ ಜನ ಪಂಕ್ತಿಗೆ ನುಗ್ಗುತ್ತಾರೆ, ಫೋಟೊದವರೂ ಅವರ ಹಿಂದೆಯೇ ಹೋಗುತ್ತಾರೆ. ಸಪ್ತಪದಿ ಮುಗಿಯುವವರೆಗೆ ಒಬ್ಬ ಕ್ಯಾಮೆರಾದವನು ಮಂಟಪ ಬಿಟ್ಟು ಕದಲಬಾರದು ಅಂತ ಒಪ್ಪಂದದಲ್ಲೇ ಬರೆಸಿ, ಅವನಿಗೊಂದು ಎಲೆ ಹಿಡಿದಿಡಲು ಭಟ್ಟರಿಗೆ ಹೇಳಿಡಿ.