ಉರುಳುತ್ತಲೇ ಇರಬೇಕು: ಟ್ರಾಪಿಕಲ್ ಫ್ರೀಜ್ ಜೊತೆ ಕಳೆದ ವರ್ಷಗಳು

‘ಡಾಂಕಿ ಕಾಂಗ್ ಕಂಟ್ರಿ: ಟ್ರಾಪಿಕಲ್ ಫ್ರೀಜ್’ ಮೊದಲು ಬಂದದ್ದು 2014ರಲ್ಲಿ, ನಿಂಟೆಂಡೋದ ವೀ ಯು ಕನ್ಸೋಲ್‌ಗೆ. ನಾನು ಆಡುತ್ತಿರುವುದು 2018ರಲ್ಲಿ ಸ್ವಿಚ್‌ಗೆ ಬಂದ ಆವೃತ್ತಿ. ಮೊದಲ ಸಲ ಮುಗಿಸಿದಾಗ ಇದು ಕಷ್ಟದ ಆಟ ಅನ್ನಿಸಿತ್ತು, ಅಷ್ಟೇ. ಎರಡನೇ ಸಲ ಆಡುವಾಗಲೇ ಇದರ ಹದ ಕೈಗೆ ಹತ್ತಿದ್ದು. ಈಗ ಬೇರೆ ಯಾವ ಜಂಪಿಂಗ್ ಗೇಮ್ ಆಡಿದರೂ ಬೆರಳು ಇದನ್ನೇ ಹುಡುಕುತ್ತದೆ.

ಆ ಹದ ಇರುವುದು ಉರುಳುವುದರಲ್ಲಿ. ನಾವು ಆಡಿಸುವ ಗೊರಿಲ್ಲಾ ಡಾಂಕಿ ಕಾಂಗ್ ತೂಕದ ಪ್ರಾಣಿ. ಓಡಲು ಹೊರಟರೆ ವೇಗ ಹಿಡಿಯಲು ಹೊತ್ತು ಬೇಕು, ನಿಲ್ಲಲೂ ಹೊತ್ತು ಬೇಕು. ಮಾರಿಯೋ ಆಡಿ ಬಂದವರು ಮೊದಲ ದಿನವೇ ‘ಇದೇನು ಇಷ್ಟು ಭಾರ’ ಅನ್ನುತ್ತಾರೆ. ಆದರೆ ಬೆನ್ನ ಮೇಲೆ ಜೊತೆಗಾರರೊಬ್ಬರು ಕೂತಿದ್ದರೆ ಬಟನ್ ಒತ್ತುತ್ತಾ ಹೋದಷ್ಟು ದೂರವೂ ಉರುಳುತ್ತಲೇ ಇರಬಹುದು. ಆ ಉರುಳಿನಿಂದಲೇ ಹಾರಿದರೆ ಸಾಮಾನ್ಯ ಜಂಪ್‌ಗಿಂತ ಎಷ್ಟೋ ದೂರ ತಲುಪಬಹುದು. ಅಂಚು ದಾಟಿ ಗಾಳಿಯಲ್ಲಿದ್ದಾಗಲೂ ಆ ಜಂಪ್ ಸಿಗುತ್ತದೆ. ಇದು ಗೊತ್ತಾದ ಮೇಲೆ ಲೆವೆಲ್‌ಗಳು ಬೇರೆಯಾಗಿಯೇ ಕಾಣತೊಡಗುತ್ತವೆ. ಶತ್ರು ನಿಂತಿರುವ ಜಾಗ, ಕುಸಿಯುವ ಹಲಗೆ, ತೂಗಾಡುವ ಬಳ್ಳಿ, ಎಲ್ಲವನ್ನೂ ನಿಲ್ಲದೆ ಸಾಗುವವನ ಲೆಕ್ಕಕ್ಕೇ ಇಟ್ಟಿದ್ದಾರೆ. ಹೆದರಿ ನಿಂತು ನಿಂತು ಹೋಗುವವನಿಗೆ ಕಷ್ಟವಾಗುವ ಎಷ್ಟೋ ಜಾಗಗಳು ಉರುಳಿಕೊಂಡು ಬಂದವನಿಗೆ ತಾವಾಗಿ ದಾರಿ ಬಿಡುತ್ತವೆ. ಆಟ ತಯಾರಿಸಿದ ರೆಟ್ರೋ ಸ್ಟುಡಿಯೋಸ್ ತಂಡದವರ ಈ ಕೆಲಸಕ್ಕೆ ನನ್ನ ಗೌರವ ವರ್ಷದಿಂದ ವರ್ಷಕ್ಕೆ ಹೆಚ್ಚಿದೆ.

ದ್ವೀಪ ದ್ವೀಪವಾಗಿ ಹಂಚಿದ ಲೆವೆಲ್‌ಗಳಲ್ಲಿ ವಿಚಾರಗಳಿಗೆ ಬರವಿಲ್ಲ. ಒಂದು ಲೆವೆಲ್‌ನಲ್ಲಿ ಬಂದ ಉಪಾಯ ಮುಂದಿನದಕ್ಕೆ ಬರುವುದು ಅಪರೂಪ. ಮೂರನೇ ದ್ವೀಪದ ‘ಗ್ರಾಸ್‌ಲ್ಯಾಂಡ್ ಗ್ರೂವ್’ ಲೆವೆಲ್‌ನಲ್ಲಿ ಹಾಡಿನ ಲಯಕ್ಕೆ ಸುತ್ತಲಿನ ಬಯಲೆಲ್ಲ ಕುಣಿಯುತ್ತದೆ. ಕಾಲಿಡುವ ಜಾಗ ಕೂಡ ಆ ತಾಳಕ್ಕೇ ಏರಿ ಇಳಿಯುತ್ತದೆ. ಐದನೇ ದ್ವೀಪ ನನಗೆ ಅತಿ ಪ್ರಿಯ. ಅಲ್ಲಿ ಹಣ್ಣಿನ ಕಥೆಯೊಂದು ಹಿನ್ನೆಲೆಯಲ್ಲೇ ನಡೆಯುತ್ತಿರುತ್ತದೆ. ಮೊದಲು ಹಣ್ಣಿನ ತೋಟ, ಆಮೇಲೆ ಕಾರ್ಖಾನೆ, ಆಮೇಲೆ ಜೆಲ್ಲಿ, ಕೊನೆಗೆ ಮಂಜುಗಟ್ಟಿದ ಹಣ್ಣು, ಅದರ ತುದಿಯಲ್ಲಿ ಸುತ್ತಿಗೆ ಹಿಡಿದ ಹಿಮಕರಡಿ. ಯಾರೂ ಒಂದು ಮಾತೂ ಆಡದೆ ಇಷ್ಟು ಹೇಳಿಬಿಡುತ್ತಾರೆ. ನಾನು ಇದನ್ನು ಗಮನಿಸಿದ್ದೇ ಮೂರನೇ ಸಲ ಆಡುವಾಗ.

ಸಂಗೀತದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. 1994ರ ಮೊದಲ ‘ಡಾಂಕಿ ಕಾಂಗ್ ಕಂಟ್ರಿ’ಗೆ ಸಂಗೀತ ಕೊಟ್ಟವರಲ್ಲಿ ಪ್ರಮುಖರಾದ ಡೇವಿಡ್ ವೈಸ್ ಈ ಆಟಕ್ಕೆ ಮರಳಿ ಬಂದಿದ್ದಾರೆ. ಆಗಿನ ನೀರಿನಾಳದ ರಾಗ ಇಲ್ಲಿ ಹೊಸ ರೂಪದಲ್ಲಿ ಬರುತ್ತದೆ. ಸೋತು ಸೋತು ಕೈ ಬೆವರಿದ ಹೊತ್ತಿನಲ್ಲೂ ಕಂಟ್ರೋಲರ್ ಕೆಳಗಿಡದೆ ಸುಮ್ಮನೆ ಕೇಳುತ್ತಾ ಕೂತ ಸಂಜೆಗಳಿವೆ.

ಇಷ್ಟೆಲ್ಲ ಇದ್ದೂ ಈ ಆಟ ನನ್ನನ್ನು ಕಾಡಿಸಿದೆ, ಬೇಸರವನ್ನೂ ತರಿಸಿದೆ. ಬೇಸರ ಬಂದ ಜಾಗಗಳನ್ನು ನೋಡಿದರೆ ಹೆಚ್ಚಿನವು ಆ ಉರುಳನ್ನು ನಿಲ್ಲಿಸುವ ಜಾಗಗಳೇ.

ಮೊದಲನೆಯದು ಬಾಸ್‌ಗಳು, ಅಂದರೆ ದ್ವೀಪದ ಕೊನೆಯಲ್ಲಿ ಎದುರಾಗುವ ದೊಡ್ಡ ಶತ್ರುಗಳು. ನೋಡಲು ಒಬ್ಬೊಬ್ಬರೂ ಚೆಂದ, ಹೋರಾಟದ ಕಲ್ಪನೆಯೂ ಒಳ್ಳೆಯದು. ಆದರೆ ಒಂದೊಂದು ಹೋರಾಟವೂ ಹಂತ ಹಂತವಾಗಿ ಬಹಳ ಹೊತ್ತು ಎಳೆಯುತ್ತದೆ, ನಡುವೆ ಒಂದೂ ಚೆಕ್‌ಪಾಯಿಂಟ್ ಇಲ್ಲ. ಕೊನೆಯ ಹಂತದಲ್ಲಿ ಕಾಲು ಜಾರಿದರೆ ಮತ್ತೆ ಮೊದಲಿನಿಂದ. ಮೊದಲ ಹಂತವನ್ನು ಆಗಲೇ ಹತ್ತು ಸಲ ಗೆದ್ದಿರುತ್ತೇವೆ, ಅಲ್ಲಿ ಕಲಿಯುವುದಕ್ಕೆ ಏನೂ ಉಳಿದಿರುವುದಿಲ್ಲ. ಬಾಸ್ ತನ್ನ ಸರದಿ ಮುಗಿಸುವವರೆಗೆ ಸುಮ್ಮನೆ ತಪ್ಪಿಸಿಕೊಂಡಿರಬೇಕು. ನೀರೊಳಗಿನ ಮುಳ್ಳುಮೀನು ಬಾಸ್ ಫುಗು ಎದುರು ಒಂದು ವಾರ ಕಳೆದಿದ್ದೇನೆ. ಗೆದ್ದಾಗ ಸಂತೋಷಕ್ಕಿಂತ ‘ಸದ್ಯ ಮುಗಿಯಿತಲ್ಲ’ ಅನ್ನುವ ನಿರಾಳವೇ ಹೆಚ್ಚಾಗಿತ್ತು.

ಎರಡನೆಯದು ಲೆವೆಲ್‌ಗಳಲ್ಲಿ ಅಲ್ಲಲ್ಲಿ ಇಟ್ಟಿರುವ K-O-N-G ಅಕ್ಷರಗಳು. ಪ್ರತಿ ಲೆವೆಲ್‌ನಲ್ಲಿ ಅಡಗಿರುವ ಪಜಲ್ ತುಂಡುಗಳನ್ನು ಇಂದು ಎರಡು, ನಾಳೆ ಮೂರು ಎಂದು ಕೂಡಿಸುತ್ತಾ ಹೋಗಬಹುದು. ನಾಲ್ಕು ಅಕ್ಷರಗಳನ್ನು ಮಾತ್ರ ಒಂದೇ ಓಟದಲ್ಲಿ ಹಿಡಿಯಬೇಕು. ಕೊನೆಯ G ತಪ್ಪಿದರೆ ಇಡೀ ಲೆವೆಲ್ ಮತ್ತೊಮ್ಮೆ. ಒಂದು ದ್ವೀಪದ ಎಲ್ಲ ಅಕ್ಷರ ಸಿಕ್ಕರೆ ಗುಪ್ತ ದೇಗುಲದ ಲೆವೆಲ್ ತೆರೆಯುತ್ತದೆ. ಆಟದ ಅತಿ ಕಠಿಣ, ಅತಿ ಸೊಗಸಾದ ಲೆವೆಲ್‌ಗಳು ಅಲ್ಲೇ ಇರುವುದರಿಂದ ಈ ಶ್ರಮಕ್ಕೆ ನಾನು ಒಪ್ಪಿದ್ದೇನೆ. ಪಜಲ್ ತುಂಡುಗಳ ವಿಷಯದಲ್ಲಿ ಆ ಸಮಾಧಾನವೂ ಇಲ್ಲ. ಎಷ್ಟೋ ತುಂಡುಗಳು ಬೋನಸ್ ಕೋಣೆಗಳಲ್ಲಿವೆ, ಆ ಕೋಣೆಗಳೋ ಒಂದೇ ನಾಲ್ಕಾರು ವಿನ್ಯಾಸಗಳ ಪುನರಾವರ್ತನೆ. ಲೆವೆಲ್‌ಗಳಲ್ಲಿ ಅಷ್ಟೊಂದು ಹೊಸತನ ಸುರಿದವರು ಇಲ್ಲಿ ಯಾಕೆ ಕೈ ಬಿಗಿ ಹಿಡಿದರೋ ಗೊತ್ತಿಲ್ಲ.

ಜೊತೆಗಾರರ ಆಯ್ಕೆಯಲ್ಲೂ ಸಮತೋಲ ತಪ್ಪಿದೆ. ಡಿಡ್ಡಿ ತನ್ನ ಜೆಟ್‌ನಿಂದ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಲ್ಲಿಸುತ್ತಾನೆ. ಡಿಕ್ಸಿ ಜುಟ್ಟು ತಿರುಗಿಸಿ ನಿಲ್ಲಿಸುವುದಲ್ಲದೆ ಕೊನೆಯಲ್ಲಿ ಒಂದಿಷ್ಟು ಮೇಲಕ್ಕೂ ಎತ್ತುತ್ತಾಳೆ. ಆ ಒಂದಿಷ್ಟು ಎಷ್ಟೋ ಸಲ ಜೀವ ಉಳಿಸುತ್ತದೆ. ಜೊತೆಗಾರರು ಸಿಗುವುದು ಪೀಪಾಯಿ ಒಡೆದರೆ; ಹಾಗಿರುವಾಗ ಡಿಡ್ಡಿಯ ಪೀಪಾಯಿ ಒಡೆಯಲು ಯಾರಿಗೆ ಮನಸ್ಸು ಬಂದೀತು? ಕ್ರ್ಯಾಂಕಿ ಅಜ್ಜ ಊರುಗೋಲಿನಲ್ಲಿ ಮುಳ್ಳಿನ ಮೇಲೂ ಪುಟಿಯುತ್ತಾನೆ, ಅವನನ್ನು ಪಳಗಿಸಿಕೊಳ್ಳುವುದು ಬೇರೆಯೇ ಖುಷಿ.

ಇಬ್ಬರು ಆಡುವ ಸೌಲಭ್ಯ ಇದೆ. ತಂಗಿಯ ಜೊತೆ ಮೊದಲ ಎರಡು ದ್ವೀಪ ಹಾಗೇ ಆಡಿದೆ. ಪರದೆ ಇಬ್ಬರಿಗೂ ಒಂದೇ, ಜೀವಗಳ ಲೆಕ್ಕವೂ ಒಂದೇ. ನಾನು ಉರುಳಿಕೊಂಡು ಮುಂದೆ ಹೋದರೆ ಅವಳು ಹಿಂದೆ ಉಳಿಯುತ್ತಿದ್ದಳು. “ಅಣ್ಣಾ, ನಿಲ್ಲೋ ಸ್ವಲ್ಪ, ನಾನಿನ್ನೂ ಹಾರಿಲ್ಲ!” ಅನ್ನುವುದು ಪ್ರತಿ ನಿಮಿಷದ ಮಾತಾಗಿತ್ತು. ಕಷ್ಟದ ಕಡೆ ಎರಡನೆಯವರು ಡಾಂಕಿಯ ಬೆನ್ನೇರಿ ಕೂರಬಹುದು, ಆದರೆ ಕೂತು ನೋಡುವುದು ಆಡಿದಂತಾಗುವುದಿಲ್ಲ. ಈ ಆಟ ಒಂದೇ ಜೋಡಿ ಕೈಗೆ ಹೇಳಿ ಮಾಡಿಸಿದ್ದು.

ಅವಳಿಗೆ ನಿಜಕ್ಕೂ ಒದಗಿದ್ದು ಸ್ವಿಚ್ ಆವೃತ್ತಿಯಲ್ಲಿ ಹೊಸದಾಗಿ ಸೇರಿಸಿದ ಫಂಕಿ ಮೋಡ್. ಅದರಲ್ಲಿ ಫಂಕಿ ಕಾಂಗ್ ಆಗಿ ಆಡಬಹುದು. ಅವನಿಗೆ ಐದು ಹೃದಯ (ಪೆಟ್ಟು ಬಿದ್ದಾಗಲೆಲ್ಲ ಒಂದು ಹೋಗುತ್ತದೆ), ಗಾಳಿಯಲ್ಲಿ ಇನ್ನೊಂದು ಜಂಪ್, ಕಾಲಡಿಯ ಸರ್ಫ್‌ಬೋರ್ಡ್‌ನಿಂದಾಗಿ ಮುಳ್ಳಿನ ಭಯವೂ ಇಲ್ಲ. ಮೂಲ ಮೋಡ್‌ನಲ್ಲಿ ಡಾಂಕಿಗೆ ಎರಡು ಹೃದಯ, ಜೊತೆಗಾರರು ಸೇರಿದರೆ ನಾಲ್ಕು. ಮೂರು ಸಲ ಆಟ ಬಿಟ್ಟು ಎದ್ದಿದ್ದವಳು ಫಂಕಿಯ ಜೊತೆ ಕೊನೆಯವರೆಗೂ ಹೋದಳು. ಅವಳ ಗೆಲುವನ್ನು ಯಾರೂ ಕಡಿಮೆ ಎಂದು ಎಣಿಸಬಾರದು.

ಚಿತ್ರ ಸೆಕೆಂಡಿಗೆ 60 ಫ್ರೇಮ್‌ನಂತೆ ನಯವಾಗಿ ಓಡುತ್ತದೆ, ಲೆವೆಲ್ ಲೋಡ್ ಆಗಲು ಕಾಯುವ ಹೊತ್ತೂ ವೀ ಯು ಆವೃತ್ತಿಗಿಂತ ಕಡಿಮೆ. ಕಂಟ್ರೋಲರ್ ಬಗ್ಗೆ ಒಂದು ಮಾತು: ನಾನು ಮೊದಲು ಬಳಸುತ್ತಿದ್ದ ಒಂದರ ಸ್ಟಿಕ್ ಸವೆದು ತಾನಾಗಿ ಒಂದು ಕಡೆಗೆ ವಾಲತೊಡಗಿತು. ಹಾರಿದ ಮೇಲೆ ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಸಾಯುವ ಆಟ ಇದು, ಒಳ್ಳೆಯ ಕಂಟ್ರೋಲರ್ ಇಟ್ಟುಕೊಳ್ಳಿ.

ಈಗ ನಾನು ಆಡುತ್ತಿರುವುದು ಹಾರ್ಡ್ ಮೋಡ್. ಎಲ್ಲ ದೇಗುಲಗಳನ್ನೂ ಗೆದ್ದು, ಆಮೇಲೆ ತೆರೆಯುವ ಗುಪ್ತ ದ್ವೀಪವನ್ನೂ ಮುಗಿಸಿದರೆ ಇದು ಸಿಗುತ್ತದೆ. ಒಂದೇ ಹೃದಯ, ಚೆಕ್‌ಪಾಯಿಂಟ್ ಇಲ್ಲ, ಜೊತೆಗಾರರ ಪೀಪಾಯಿಯೂ ಇಲ್ಲ. ಬೆನ್ನ ಮೇಲೆ ಯಾರೂ ಇಲ್ಲದ ಡಾಂಕಿಯ ಉರುಳು ಬೇಗ ನಿಂತುಬಿಡುತ್ತದೆ. ಬಲ್ಲೆ ಅಂದುಕೊಂಡ ಲೆವೆಲ್‌ಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಬೇಕಾಗಿದೆ. ಹಣ್ಣಿನ ಕಾರ್ಖಾನೆಯವರೆಗೆ ಬಂದಿದ್ದೇನೆ. ನಿನ್ನೆ ರಾತ್ರಿ ಲೆವೆಲ್ ಮುಗಿಸುವ ಕೊನೆಯ ಪೀಪಾಯಿ ಕಣ್ಣಿಗೆ ಕಂಡ ಮೇಲೆ ಬಿದ್ದೆ. ಇವತ್ತು ಮತ್ತೆ ಕೂರುತ್ತೇನೆ.