ಕೋಳಿ ಮೇವಿಗೆ ಫೈಟೇಸ್ ಪುಡಿ: ಕಲಸುವ ಕೈ ಸರಿಯಿದ್ದರೆ ದುಡ್ಡಿಗೆ ಮೋಸವಿಲ್ಲ

ಬೀದರ್, ಕಲಬುರಗಿ ಕಡೆ ಫಾರಂನಲ್ಲೇ ಮೇವು ಅರೆದು ಕಲಸುವವರಿಗೆ ಗ್ರಾಂಗೆ 5000 ಯೂನಿಟ್‌ನ (ಯೂನಿಟ್ ಎಂದರೆ ಕಿಣ್ವದ ಶಕ್ತಿಯ ಅಳತೆ) ಫೈಟೇಸ್ ಪುಡಿ ಒಳ್ಳೆಯ ಸರಕು. ಮೆಕ್ಕೆಜೋಳ, ಸೋಯಾ ಹಿಂಡಿ, ತೌಡಿನಲ್ಲಿ ರಂಜಕಕ್ಕೆ ಬರವಿಲ್ಲ. ಆದರೆ ಮೂರರಲ್ಲಿ ಎರಡು ಪಾಲು ಫೈಟೇಟ್ ಆಗಿ ಗಂಟುಬಿದ್ದಿರುತ್ತದೆ. ಕೋಳಿಗೆ ಅದು ಅಷ್ಟಾಗಿ ಜೀರ್ಣವಾಗದೆ ಹಿಕ್ಕೆಯಲ್ಲಿ ಹೋಗುತ್ತದೆ. ಸೂಕ್ಷ್ಮಜೀವಿಗಳಿಂದ ತೆಗೆದ ಈ ಕಿಣ್ವ ಆ ಗಂಟನ್ನು ಬಿಚ್ಚುತ್ತದೆ.

ಕಿಲೊ ಮೇವಿಗೆ 500 ಯೂನಿಟ್ ಎಂದರೆ ಟನ್ನಿಗೆ 100 ಗ್ರಾಂ ಪುಡಿ. ಇದರಿಂದ ಶೇ 0.1ರಷ್ಟು ರಂಜಕ ಸಿಗುತ್ತದೆ ಎಂದಿಟ್ಟುಕೊಂಡರೆ, ರಂಜಕಕ್ಕೆಂದು ಮೇವಿಗೆ ಹಾಕುವ, ಶೇ 18 ರಂಜಕದ ಡಿಸಿಪಿಯನ್ನು (ಡೈಕ್ಯಾಲ್ಸಿಯಂ ಫಾಸ್ಫೇಟ್) ಟನ್ನಿಗೆ ಐದೂವರೆ ಕಿಲೊ ಇಳಿಸಬಹುದು. ಇಳಿಸಬಹುದು ಅಷ್ಟೇ, ಪೂರ್ತಿ ಕೈಬಿಡುವಂತಿಲ್ಲ. ಬಿಟ್ಟರೆ ಬ್ರಾಯ್ಲರ್ ಮರಿಗಳ ಕಾಲು ಸೋಲುತ್ತವೆ. ಡಿಸಿಪಿ ಜೊತೆ ಒಂದೂಕಾಲು ಕಿಲೊ ಕ್ಯಾಲ್ಸಿಯಂ ಕೂಡ ಹೋಗುತ್ತದೆ. ಮೊಟ್ಟೆ ಕೋಳಿಯ ಮೇವಿಗೆ ಮೂರು ಕಿಲೊ ಸುಣ್ಣಕಲ್ಲು ಸೇರಿಸಿದರೆ ಚಿಪ್ಪು ತೆಳುವಾಗುವ ಭಯವಿಲ್ಲ. ಅದೂ ನುಣ್ಣಗಿನ ಪುಡಿಗಿಂತ ದಪ್ಪ ಹರಳಾಗಿದ್ದರೆ ಮೇಲು. ನುಣ್ಣಗಿನ ಸುಣ್ಣ ಹೊಟ್ಟೆಯಲ್ಲಿ ಬೇಗ ಕರಗಿ ಫೈಟೇಟ್‌ಗೆ ಅಂಟಿಕೊಂಡರೆ ಕಿಣ್ವದ ಕೆಲಸ ಕೆಡುತ್ತದೆ.

ಹೆಚ್ಚಿನವರು ಎಡವುವುದು ಕಲಸುವಾಗ. ಮೊಟ್ಟೆ ಕೋಳಿ ದಿನಕ್ಕೆ 110 ಗ್ರಾಂ ಮೇವು ತಿಂದರೆ ಅದರಲ್ಲಿ ಈ ಪುಡಿ ಇರುವುದು ಬರೀ 11 ಮಿಲಿಗ್ರಾಂ. ಪೊಟ್ಟಣ ಹರಿದು ನೇರವಾಗಿ ಮಿಕ್ಸರ್‌ಗೆ ಸುರಿದರೆ ಒಂದು ಕೋಳಿಗೆ ಹತ್ತು ಪಟ್ಟು, ಇನ್ನೊಂದಕ್ಕೆ ಸೊನ್ನೆ. ಮೊದಲು ಬುಟ್ಟಿಯಲ್ಲಿ ಒಂದು ಕಿಲೊ ನುಣ್ಣನೆ ಜೋಳದ ಹಿಟ್ಟಿಗೆ ಹಾಕಿ, ಬಣ್ಣ ಒಂದೇ ಸಮ ಬರುವತನಕ ಕೈಯಾಡಿಸಿ. ಅದನ್ನು ಹತ್ತು ಕಿಲೊ ಹಿಟ್ಟಿಗೆ, ಅದನ್ನು ಐವತ್ತಕ್ಕೆ ಬೆರೆಸಿ. ಅರ್ಧ ಮೇವು ಮಿಕ್ಸರ್‌ಗೆ ಬಿದ್ದ ಮೇಲೆ ಇದನ್ನು ಸುರಿಯಿರಿ.

ಮೇವನ್ನು ಹಬೆ ಕೊಟ್ಟು ಒತ್ತಿ ಪೆಲೆಟ್ (ಗುಳಿಗೆ) ಮಾಡಿಸುವವರು ಈ ಬರಿ ಪುಡಿಯನ್ನು ಕೊಳ್ಳಲೇಬಾರದು. 80–85 ಡಿಗ್ರಿ ಹಬೆಗೆ ಕಿಣ್ವ ಸತ್ತುಹೋಗುತ್ತದೆ, ಕಣ್ಣಿಗೆ ಮಾತ್ರ ಗೊತ್ತಾಗದು. ಅವರಿಗೆ ಶಾಖ ತಡೆಯುವ ಲೇಪನದ ಹರಳೇ ಬೇಕು. ಹಿಟ್ಟಿನ ರೂಪದಲ್ಲೇ ಹಾಕುವವರಿಗೆ ಆ ಹೆಚ್ಚಿನ ದರ ದಂಡ.

ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಬಿಚ್ಚಿದ ಪೊಟ್ಟಣ ಇಡಬೇಡಿ. ಬಾಯಿ ಬಿಗಿದು ಮನೆಯ ತಂಪು ಕೋಣೆಯಲ್ಲಿಡಿ. ಖನಿಜ ಮಿಶ್ರಣದೊಳಗೆ ಮೊದಲೇ ಬೆರೆಸಿ ತಿಂಗಳುಗಟ್ಟಲೆ ಇಟ್ಟರೂ ಶಕ್ತಿ ಕುಂದುತ್ತದೆ.

ಎಮ್ಮೆ, ಆಕಳಿಗೆ ಇದನ್ನು ಕೊಳ್ಳಬೇಡಿ. ಅವುಗಳ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳೇ ಫೈಟೇಸ್ ತಯಾರಿಸಿಕೊಳ್ಳುತ್ತವೆ.