ಕಿಟ್ ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗ್ ಮತ್ತು ಡ್ಯಾಂಪರ್: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಅಲ್ಯೂಮಿನಿಯಂ ಮೈಯ, ಒಂದೇ ಗುಂಡಿಯಿಂದ ಹೊಂದಿಸಬಹುದಾದ, ಸ್ಪ್ರಿಂಗನ್ನು ಮೈಮೇಲೆಯೇ ಹೊತ್ತುಕೊಳ್ಳುವ ಕಾಯಿಲ್‌ಓವರ್ ಡ್ಯಾಂಪರ್‌ಗಳನ್ನು (ಸ್ಪ್ರಿಂಗಿನ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರ್‌ಗಳನ್ನು) ಬ್ರಿಟನ್ನಿನ ಹಲವು ಸಣ್ಣ ಕಾರ್ಖಾನೆಗಳು ತಯಾರಿಸುತ್ತವೆ. ರಚನೆಯಲ್ಲಿ ಅವೆಲ್ಲವೂ ಬಹುತೇಕ ಒಂದೇ ಆದ್ದರಿಂದ ಕಂಪನಿಯ ಹೆಸರು ಬಿಟ್ಟು ಈ ಬಗೆಯ ಬಗ್ಗೆಯೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಡ್ಯಾಂಪರ್ ಒಳ್ಳೆಯ ಸರಕು, ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಅದರ ಜೊತೆ ಕಿಟ್ ಪೆಟ್ಟಿಗೆಯಲ್ಲಿ, ಅಂದರೆ ಮನೆಯಲ್ಲಿ ಜೋಡಿಸಿಕೊಳ್ಳುವ ಕಾರಿನ ಬಿಡಿಭಾಗಗಳ ಕಟ್ಟಿನಲ್ಲಿ, ಬರುವ ಸ್ಪ್ರಿಂಗ್ ಬೇರೆ ಯಾರದೋ ಕಾರಿನ ತೂಕಕ್ಕೆ ಆರಿಸಿದ್ದು. ಸ್ವಂತ ಕಾರನ್ನು ತೂಗಿ ನೋಡುವವರೆಗೆ ಸ್ಪ್ರಿಂಗಿಗೆ ಹಣ ಕೊಡಬೇಡಿ.

ಕಾರಿನ ವಿವರವನ್ನು ಇಷ್ಟಕ್ಕೆ ಮುಗಿಸುತ್ತೇನೆ. ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಮಾದರಿಯ ಎರಡು ಸೀಟಿನ ತೆರೆದ ಕಾರು ಇದು. ಕೊಳವೆ ಚೌಕಟ್ಟು, ಮುಂದಿನ ವಿಷ್‌ಬೋನ್‌ಗಳು (ಚಕ್ರವನ್ನು ಚೌಕಟ್ಟಿಗೆ ಹಿಡಿಯುವ ಕವಲು ತೋಳುಗಳು) ಮತ್ತು ಡ್ಯಾಂಪರ್‌ಗಳು ಬ್ರಿಟನ್ನಿನ ಕಿಟ್‌ನಿಂದ ಬಂದವು. ಇಂಜಿನ್ ಮಾರುತಿ ಜಿಪ್ಸಿಯ 1.3 ಲೀಟರಿನದು, ಹಿಂದಿನ ಗಟ್ಟಿ ಆಕ್ಸಲ್ ಓಮ್ನಿಯದು. ಮನೆಯಲ್ಲಿ ಜೋಡಿಸಿದ ವಾಹನ ಸಾರ್ವಜನಿಕ ರಸ್ತೆಗೆ ಇಳಿಯಬೇಕಾದರೆ ಮಾದರಿ ಅನುಮೋದನೆ ಬೇಕಾಗುತ್ತದೆ. ಆದ್ದರಿಂದ ಇದರ ಓಡಾಟವೆಲ್ಲ ಮಂಡ್ಯದ ಹತ್ತಿರ ನಮ್ಮ ತೆಂಗಿನ ತೋಟದಿಂದ ಆಲೆಮನೆಯವರೆಗಿನ ಸಿಮೆಂಟ್ ದಾರಿಯಲ್ಲಿ ಮತ್ತು ಟ್ರೇಲರ್ ಮೇಲೆ ಹೊತ್ತೊಯ್ದಾಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. ಕಬ್ಬಿನ ಟ್ರ್ಯಾಕ್ಟರ್‌ಗಳು ತುಳಿದು ಒಡೆದ ಸಿಮೆಂಟೂ ನಯವಾದ ರೇಸ್ ಟ್ರ್ಯಾಕೂ ಒಂದೇ ಸಸ್ಪೆನ್ಷನ್ನಿಗೆ ಒಗ್ಗಬೇಕೆಂಬುದು ನನ್ನ ಬೇಡಿಕೆಯಾಗಿತ್ತು.

ಕಿಟ್ ಜೊತೆ ಮುಂದಕ್ಕೆ 240 ಪೌಂಡ್, ಹಿಂದಕ್ಕೆ 150 ಪೌಂಡ್ ಸ್ಪ್ರಿಂಗ್‌ಗಳು ಬಂದಿದ್ದವು. ಅಂದರೆ ಒಂದು ಇಂಚು ಅದುಮಲು ಅಷ್ಟು ಪೌಂಡ್ ಭಾರ ಬೇಕು. ಈ ಲೆಕ್ಕ ಹುಟ್ಟಿದ್ದು ಎರಕದ ಕಬ್ಬಿಣದ ಹಳೆಯ ಫೋರ್ಡ್ ಇಂಜಿನ್ನಿನ ಭಾರಕ್ಕೆ. ಜಿಪ್ಸಿಯ ಇಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಂ ಆಗಿರುವುದರಿಂದ ನಮ್ಮ ಕಾರಿನ ಮೂತಿ ಹಗುರ. ಮೊದಲ ಓಡಾಟದಲ್ಲಿಯೇ ಅದು ಗೊತ್ತಾಯಿತು. ತೋಟದ ದಾರಿಯಲ್ಲಿ ನೀರಿನ ಪೈಪು ದಾಟುವ ಉಬ್ಬಿನ ಮೇಲೆ ಮುಂದಿನ ಚಕ್ರಗಳು ನೆಲ ಬಿಟ್ಟು ಏಳುತ್ತಿದ್ದವು, ಸ್ಟೀರಿಂಗ್ ಆ ಕ್ಷಣಕ್ಕೆ ಕೈಯಲ್ಲಿ ಸಡಿಲವಾಗುತ್ತಿತ್ತು. ಡ್ಯಾಂಪರಿನ ಗುಂಡಿಯನ್ನು ಯಾವ ಕಡೆ ತಿರುಗಿಸಿದರೂ ಆ ಗುಣ ಹೋಗಲಿಲ್ಲ, ಏಕೆಂದರೆ ತಪ್ಪು ಸ್ಪ್ರಿಂಗನ್ನು ಡ್ಯಾಂಪರ್ ಸರಿಪಡಿಸಲಾರದು.

ತೂಗುವ ಕೆಲಸಕ್ಕೆ ಮಂಡ್ಯದಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಬೆಲ್ಲದ ಮಂಡಿಯವರು ಬಳಸುವ 300 ಕಿಲೋ ಸಾಮರ್ಥ್ಯದ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ನಾಲ್ಕು ಚಕ್ರಕ್ಕೆ ನಾಲ್ಕರಂತೆ ಒಂದು ಭಾನುವಾರದ ಮಟ್ಟಿಗೆ ಕೇಳಿ ತಂದೆವು. ಗಾರೆ ಕೆಲಸದವರ ನೀರು ತುಂಬಿದ ಟ್ಯೂಬ್ ಲೆವೆಲ್‌ನಿಂದ ನಾಲ್ಕರ ಮೇಲ್ಮೈಯನ್ನೂ ಒಂದೇ ಮಟ್ಟಕ್ಕೆ ತಂದು, ಕಡಿಮೆಯಿದ್ದ ಕಡೆ ತಗಡಿನ ಚೂರು ಕೊಟ್ಟು, ಟೈರಿನ ಗಾಳಿಯನ್ನು ಸಮ ಮಾಡಿ, ಓಡಿಸುವವನು ಕುಳಿತ ಮೇಲೆಯೇ ಅಂಕಿಗಳನ್ನು ಓದಬೇಕು. ಓಡಿಸುವವನಿಲ್ಲದೆ ತೂಗಿದರೆ ಇಷ್ಟು ಹಗುರವಾದ ಕಾರಿನಲ್ಲಿ ಆ ಅಂಕಿಗಳಿಗೆ ಅರ್ಥವಿರುವುದಿಲ್ಲ. ನಮಗೆ ಬಂದದ್ದು ಮುಂದಿನ ಎಡಕ್ಕೆ 136, ಮುಂದಿನ ಬಲಕ್ಕೆ 164, ಹಿಂದಿನ ಎಡಕ್ಕೆ 180, ಹಿಂದಿನ ಬಲಕ್ಕೆ 160 ಕಿಲೋ. ಒಟ್ಟು 640 ಕಿಲೋದಲ್ಲಿ ಒಂದು ಕರ್ಣಕ್ಕೆ (ಮುಂದಿನ ಬಲ ಮತ್ತು ಹಿಂದಿನ ಎಡ) 344, ಇನ್ನೊಂದಕ್ಕೆ 296. ಜೋರಾಗಿ ಬ್ರೇಕ್ ಹಾಕಿದಾಗ ಭಾರ ಕಡಿಮೆಯಿದ್ದ ಮುಂದಿನ ಎಡ ಚಕ್ರವೇ ಮೊದಲು ತಿರುಗುವುದನ್ನು ನಿಲ್ಲಿಸಿ ಜಾರಿ ಕಾರು ಬಲಕ್ಕೆ ಎಳೆಯುತ್ತಿದ್ದುದಕ್ಕೆ ಕಾರಣ ಈ ಅಂಕಿಗಳಲ್ಲಿಯೇ ಇತ್ತು.

ಇಲ್ಲಿ ಈ ಡ್ಯಾಂಪರ್‌ಗಳ ಗುಣವನ್ನು ಮೆಚ್ಚಲೇಬೇಕು. ಮೈಮೇಲಿನ ಮರೆಯಲ್ಲಿ (ಥ್ರೆಡ್ಡಿನಲ್ಲಿ) ಕೂರುವ, ಸ್ಪ್ರಿಂಗನ್ನು ಹೊರುವ ಕಾಲರನ್ನು ಕೊಕ್ಕೆಯಂಥ ಸಿ-ಸ್ಪ್ಯಾನರಿನಿಂದ ತಿರುಗಿಸುತ್ತ ಹೋದಂತೆ ಒಂದು ಚಕ್ರದ ಭಾರ ಇಳಿದು ಇನ್ನೊಂದಕ್ಕೆ ಏರುವುದನ್ನು ತಕ್ಕಡಿಯ ಕೆಂಪು ಅಂಕಿಗಳಲ್ಲಿ ನೋಡುತ್ತಲೇ ಹೊಂದಿಸಬಹುದು. ಕೊನೆಗೆ ಮುಂದೆ 148 ಮತ್ತು 152, ಹಿಂದೆ 168 ಮತ್ತು 172ಕ್ಕೆ ನಿಲ್ಲಿಸಿ ಎರಡೂ ಕರ್ಣಗಳನ್ನು 320ಕ್ಕೆ ತಂದೆವು. ಅಂದಿನಿಂದ ಬ್ರೇಕ್ ಹಾಕಿದರೆ ಕಾರು ನೇರವಾಗಿ ನಿಲ್ಲುತ್ತದೆ. ಕಾಲರ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಡುಸಾಗುತ್ತದೆಂದು ನಂಬಿರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹಾಗಾಗುವುದಿಲ್ಲ. ಒಂದೇ ಸಮನಾದ ಸುರುಳಿಯ ಸ್ಪ್ರಿಂಗಿನಲ್ಲಿ ಕಾಲರ್ ಬದಲಿಸುವುದು ಎತ್ತರವನ್ನು ಮತ್ತು ನಾಲ್ಕು ಚಕ್ರಗಳ ನಡುವಿನ ಭಾರದ ಹಂಚಿಕೆಯನ್ನು ಮಾತ್ರ. ಗಡಸುತನ ತಂತಿಯ ದಪ್ಪ, ಸುರುಳಿಯ ವ್ಯಾಸ ಮತ್ತು ಸುತ್ತುಗಳಲ್ಲಿ ಇರುತ್ತದೆ.

ಭಾರ ತಿಳಿದ ಮೇಲೆ ಸ್ಪ್ರಿಂಗಿನ ಆಯ್ಕೆ ಲೆಕ್ಕದ ಮಾತು. ಸ್ಪ್ರಿಂಗ್ ಬಿಚ್ಚಿಟ್ಟು ಮುಂದಿನ ಚಕ್ರವನ್ನು ಜಾಕ್‌ನಿಂದ 20 ಮಿ.ಮೀ. ಎತ್ತಿದಾಗ ಡ್ಯಾಂಪರ್ ಕುಗ್ಗಿದ್ದು 14 ಮಿ.ಮೀ.; ಅನುಪಾತ 0.7. ಸ್ಪ್ರಿಂಗಿನ ಗಡಸುತನ ಚಕ್ರಕ್ಕೆ ತಲುಪುವುದು ಈ ಅನುಪಾತದ ವರ್ಗದಷ್ಟು, ಅಂದರೆ 0.49. ಹಾಗಾಗಿ ವಾರೆಯಾಗಿ ಕೂರುವ ಮುಂದಿನ ಸ್ಪ್ರಿಂಗಿನ ಅರ್ಧದಷ್ಟು ಗಡಸುತನ ಮಾತ್ರ ಚಕ್ರಕ್ಕೆ ತಲುಪುತ್ತದೆ. ಚಕ್ರ, ಬ್ರೇಕ್ ಮುಂತಾದವುಗಳ ಸುಮಾರು 28 ಕಿಲೋ ಕಳೆದರೆ ಒಂದು ಮೂಲೆಯ ಸ್ಪ್ರಿಂಗ್ ಹೊರುವುದು 122 ಕಿಲೋ. 240 ಪೌಂಡಿನ ಸ್ಪ್ರಿಂಗಿಗೆ ಕುಣಿತದ ವೇಗ ಸೆಕೆಂಡಿಗೆ ಸುಮಾರು 2.1 ಸಲ ಬರುತ್ತದೆ. 160 ಪೌಂಡಿಗೆ ಅದು 1.7ಕ್ಕೆ ಇಳಿಯುತ್ತದೆ. ಹಿಂದೆ 110 ಪೌಂಡ್ ಹಾಕಿದರೆ ಸುಮಾರು 2. ಮುಂಭಾಗಕ್ಕಿಂತ ಹಿಂಭಾಗ ತುಸು ಚುರುಕಾಗಿ ಕುಣಿದರೆ ಉಬ್ಬು ದಾಟಿದ ಮೇಲೆ ಕಾರು ಮುಂದೆ ಹಿಂದೆ ತೂಗಾಡದೆ ಬೇಗ ಸಮಕ್ಕೆ ಬರುತ್ತದೆ ಎಂಬುದನ್ನು ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಆಲಿ 1930ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದರು. ನಮ್ಮ ಪೈಪಿನ ಉಬ್ಬಿನ ಮೇಲೆ ಅದರ ಸತ್ಯವನ್ನು ಸೊಂಟವೇ ಹೇಳುತ್ತದೆ.

ಹೊಸ ಸ್ಪ್ರಿಂಗ್‌ಗಳು ಬಂದಾಗ ಅವುಗಳ ಮೇಲೆ ಮುದ್ರಿಸಿದ ಅಂಕಿಯನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಶಾಪಿನಲ್ಲಿ ಕೈಪ್ರೆಸ್ಸಿನ ಕೆಳಗೆ ಅದೇ ಬೆಲ್ಲದ ತಕ್ಕಡಿಯನ್ನಿಟ್ಟು, ಮೊದಲು ಸ್ವಲ್ಪ ಅದುಮಿ ಅಂಕಿ ಬರೆದುಕೊಂಡು, ನಂತರ ಸರಿಯಾಗಿ 25.4 ಮಿ.ಮೀ. ಅದುಮಿದೆವು. ವ್ಯತ್ಯಾಸ ಸುಮಾರು 73 ಕಿಲೋ ಬಂದರೆ ಅದು 160 ಪೌಂಡ್. ಎರಡೂ ಸ್ಪ್ರಿಂಗ್ ಸರಿಯಾಗಿದ್ದವು. ಖರ್ಚು ಉಳಿಸಲು ಸ್ಥಳೀಯವಾಗಿ ಸುತ್ತಿಸುವವರು ಈ ಪರೀಕ್ಷೆಯನ್ನು ಬಿಡಲೇಬಾರದು; ಗಡಸುತನ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಏರುವುದರಿಂದ, ಸುರುಳಿಯ ಸರಾಸರಿ ವ್ಯಾಸ ಮತ್ತು ಸುತ್ತುಗಳು ಅಷ್ಟೇ ಇದ್ದರೂ 9 ಮಿ.ಮೀ. ಬದಲು 9.5 ಮಿ.ಮೀ. ತಂತಿ ಬಳಸಿದರೆ ಸ್ಪ್ರಿಂಗ್ ಕಾಲು ಭಾಗದಷ್ಟು ಗಡುಸಾಗುತ್ತದೆ.

ಆ ಲೇತ್ ಶಾಪಿನಲ್ಲಿಯೇ ಇನ್ನೊಂದು ದೋಷವೂ ಸಿಕ್ಕಿತು. ಡ್ಯಾಂಪರಿನ ತುದಿಯ ಕಣ್ಣಿನೊಳಗೆ ಬೋಲ್ಟ್ ಹೋಗುವ ಕೊಳವೆ ಅರ್ಧ ಇಂಚಿನದು, ಅಂದರೆ 12.7 ಮಿ.ಮೀ.; ಕಾರಿನ ಜೋಡಣೆಗೆ ನಮಗೆ ಬೋಲ್ಟ್ ಕೊಟ್ಟ ಅಂಗಡಿಯವರು ಎಂ12, ಅಂದರೆ 12 ಮಿ.ಮೀ.ನದು, ಕೊಟ್ಟಿದ್ದರು. ಹಿಂಭಾಗದಿಂದ ಬರುತ್ತಿದ್ದ ಟಕ್ ಟಕ್ ಸದ್ದನ್ನು ಡ್ಯಾಂಪರಿನದೆಂದೇ ಎಲ್ಲರೂ ಹೇಳುತ್ತಿದ್ದರು. ಲೇತ್ ಯಜಮಾನರು ಬೋಲ್ಟನ್ನು ಬೆರಳಿನಲ್ಲಿ ಅಲ್ಲಾಡಿಸಿ ನೋಡಿ, "ಸಾರ್, ಶಾಕ್ ಚೆನ್ನಾಗೇ ಇದೆ, ಬೋಲ್ಟ್ ಸಣ್ಣದು ಅಷ್ಟೇ" ಎಂದರು. ಸರಿಯಾದ ಅರ್ಧ ಇಂಚಿನ ಹೈಟೆನ್ಸಿಲ್ ಬೋಲ್ಟ್ ಹಾಕಿದ ಮೇಲೆ ಸದ್ದು ನಿಂತಿತು.

ಗುಂಡಿಯ ವಿಚಾರ. ಇದು ಸ್ಪ್ರಿಂಗ್ ಮರಳಿ ಹಿಗ್ಗುವ ವೇಗವನ್ನು ಹೆಚ್ಚಾಗಿ ಹಿಡಿಯುತ್ತದೆ, ಅದುಮುವಾಗಿನ ವೇಗವನ್ನು ಸ್ವಲ್ಪ ಮಾತ್ರ. ಸ್ಪ್ರಿಂಗ್ ಮೃದುವಾದಂತೆ ಬೇಕಾಗುವ ಹಿಡಿತವೂ ಕಡಿಮೆ. 240ರಿಂದ 160ಕ್ಕೆ ಇಳಿದಾಗ ಸುಮಾರು ಐದರಲ್ಲಿ ಒಂದು ಭಾಗ ಇಳಿಸಬೇಕಾಗುತ್ತದೆ. ಪೂರ್ತಿ ಮೃದುವಿನಿಂದ ಶುರು ಮಾಡಿ, ಉಬ್ಬಿನ ನಂತರ ಕಾರು ಒಂದೇ ಸಲ ಎದ್ದು ನಿಲ್ಲುವವರೆಗೆ ಒಂದೊಂದೇ ಕ್ಲಿಕ್ ಏರಿಸುವುದು ಒಳ್ಳೆಯದು. ತೋಟದಲ್ಲಿ ಮುಂದೆ ನಾಲ್ಕು ಕ್ಲಿಕ್, ಕರಿ ಟ್ರ್ಯಾಕಿನಲ್ಲಿ ಏಳು ನನಗೆ ಒಗ್ಗಿದೆ. ಅದಕ್ಕಿಂತ ಬಿಗಿ ಮಾಡಿದರೆ ಒಡೆದ ಸಿಮೆಂಟಿನ ಮೇಲೆ ಸ್ಪ್ರಿಂಗಿಗೆ ಹಿಗ್ಗಲು ಪುರುಸೊತ್ತು ಸಿಗದೆ ಕಾರು ಉಬ್ಬಿನಿಂದ ಉಬ್ಬಿಗೆ ಕೆಳಗೆ ಕುಸಿಯುತ್ತ ಹೋಗಿ ಹೊಟ್ಟೆ ತಾಗಿಸುತ್ತದೆ. ಡ್ಯಾಂಪರಿನ ದಂಡಕ್ಕೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಮೈಗೆ ತಾಗುವಂತೆ ಸರಿಸಿಟ್ಟರೆ ಓಡಾಟದ ನಂತರ ಅದು ನಿಂತ ಜಾಗವೇ ಎಷ್ಟು ಕುಗ್ಗಿತ್ತೆಂದು ತೋರಿಸುತ್ತದೆ. ಇದಕ್ಕಿಂತ ನಂಬಿಕೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಟ್ರೇಲರಿಗೆ ಏರಿಸುವಾಗ ಪಟ್ಟಿಗಳನ್ನು ಚೌಕಟ್ಟಿಗಲ್ಲ, ಚಕ್ರಗಳಿಗೆ ಬಿಗಿಯಿರಿ. ಕೊಯಮತ್ತೂರಿಗೆ ಹೋಗುವ ದಾರಿಯ ದಿಂಬಂ ಘಾಟಿಯ 27 ತಿರುವುಗಳುದ್ದಕ್ಕೂ ಡ್ಯಾಂಪರ್‌ಗಳು ಎಳೆದು ಕಟ್ಟಿದ ಸ್ಥಿತಿಯಲ್ಲಿ ಗುದ್ದು ತಿನ್ನುವುದು ತಪ್ಪುತ್ತದೆ.

ಬಾಳಿಕೆಯ ಬಗ್ಗೆ ನನ್ನ ಒಂದೇ ದೂರು ಧೂಳು ಮತ್ತು ಕೆಸರಿನದು. ಕಾಲರಿನ ಮರೆ ಅಲ್ಯೂಮಿನಿಯಂ ಆದ್ದರಿಂದ ಮರಳು ಹೊಕ್ಕ ಮೇಲೆ ಬಲವಂತವಾಗಿ ತಿರುಗಿಸಿದರೆ ಎಳೆ ಕಿತ್ತುಬರುತ್ತದೆ. ಗ್ರೀಸ್ ಹಚ್ಚಿದರೆ ಧೂಳು ಇನ್ನಷ್ಟು ಕೂರುತ್ತದೆ. ಬ್ರಷ್ಷಿನಿಂದ ಒಣದಾಗಿ ಉಜ್ಜಿ, ಕಾಲರಿನ ಕೆಳಗಿನ ಮರೆಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ತೊಡಿಸುವುದು ಚೆನ್ನಾಗಿ ಫಲ ಕೊಟ್ಟಿದೆ. ಮಳೆಗಾಲ ಕಳೆದ ಮೇಲೆ ಹಿಂದಿನ ಒಂದು ಡ್ಯಾಂಪರಿನ ದಂಡದ ಸೀಲಿನಲ್ಲಿ ಎಣ್ಣೆಯ ಜಿನುಗು ಕಾಣಿಸಿತು. ಬಿಚ್ಚಿ ಸೀಲ್ ಬದಲಿಸಬಹುದಾದ ರಚನೆಯಾದ್ದರಿಂದ ಡ್ಯಾಂಪರನ್ನು ಎಸೆಯಬೇಕಾಗಲಿಲ್ಲ, ಆದರೆ ಸೀಲ್ ಹೊರದೇಶದಿಂದ ಬರುವವರೆಗೆ ಕಾರು ಮರದ ದಿಮ್ಮಿಗಳ ಮೇಲೆ ನಿಂತಿತು. ಇಂಥ ಡ್ಯಾಂಪರ್‌ಗಳನ್ನು ತರಿಸುವವರು ಸ್ಪ್ರಿಂಗ್ ಇಲ್ಲದೆಯೇ ತರಿಸಿ, ಉಳಿದ ಹಣದಲ್ಲಿ ನಾಲ್ಕಕ್ಕೂ ಸಾಲುವಷ್ಟು ಸೀಲ್ ಕಿಟ್‌ಗಳನ್ನು ಅದೇ ಪಾರ್ಸೆಲ್‌ನಲ್ಲಿ ಸೇರಿಸಿಕೊಳ್ಳಿ.